ನಡುಗೋಡೆ ಒಂದು, ಮನೆ ಎರಡು: ಮಾಳಿಗೆ ರಿಪೇರಿಯ ನನ್ನ ಅನುಭವ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಹಳೇ ಮಾಳಿಗೆ ಮನೆಗಳು ಹೆಚ್ಚಾಗಿ ಸಾಲಾಗಿಯೇ ಇರುತ್ತವೆ. ಮಾಳಿಗೆ ಎಂದರೆ ಮರದ ತೊಲೆ, ಅದರ ಮೇಲೆ ಜಂತೆ (ಅಡ್ಡ ಮರ) ಜೋಡಿಸಿ ಮಣ್ಣು ಹಾಸಿದ ಸೂರು. ಇಬ್ಬರಿಗೊಂದು ನಡುಗೋಡೆ. ಅವರ ತೊಲೆ ಆ ಕಡೆಯಿಂದ, ಇವರ ತೊಲೆ ಈ ಕಡೆಯಿಂದ ಅದೇ ಗೋಡೆಯ ಮೇಲೆ ಕೂತಿರುತ್ತದೆ. ಒಬ್ಬರು ಮಾತ್ರ ಮಾಳಿಗೆ ಎತ್ತರಿಸಿಕೊಂಡರೆ ನೀರು ಪಕ್ಕದವರ ಕಡೆ ತಿರುಗಿ, ನಡುಗೋಡೆಗೆ ಇಳಿದು, ಕೊನೆಗೆ ಇಬ್ಬರ ಮನೆಯೂ ಸೋರುತ್ತದೆ. ಅದಕ್ಕೇ ಸಾಲು ಪೂರ್ತಿ ಒಪ್ಪದೆ ನಾವು ಮಣ್ಣು ಮುಟ್ಟುವುದಿಲ್ಲ.

ಒಪ್ಪಿಸುವ ಮಾತು ಪಂಚಾಯ್ತಿ ಕಟ್ಟೆಯಲ್ಲಿ ಕೂತರೆ ಬಗೆಹರಿಯುವುದಿಲ್ಲ. ಎಲ್ಲ ಮನೆಯವರನ್ನೂ ಮಾಳಿಗೆ ಹತ್ತಿಸಿ, ಎತ್ತರದ ಜಾಗದಲ್ಲಿ ಒಂದು ಕೊಡ ನೀರು ಸುರಿಯಬೇಕು. ನೀರು ಯಾರ ಗವಾಕ್ಷಿಯ (ಮಾಳಿಗೆಯ ಬೆಳಕಿಂಡಿ) ಸುತ್ತ ನಿಂತಿತು, ಯಾವ ದೋಣಿಗೆ (ಮಾಳಿಗೆ ನೀರು ಹೊರಬೀಳುವ ಕೊಳವೆ) ತಲುಪಲೇ ಇಲ್ಲ ಎಂಬುದನ್ನು ಎಲ್ಲರೂ ಕಣ್ಣಾರೆ ನೋಡುತ್ತಾರೆ. ಆಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ಅಲ್ಲೇ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಪೈಪು) ಹಿಡಿದು ಇಳಿಜಾರು ಗುರುತು ಮಾಡಿಬಿಡುತ್ತೇವೆ: 10 ಅಡಿಗೆ ಎರಡೂವರೆ ಇಂಚು. ಇನ್ನೂ ಕಡಿದಾದರೆ ಮಣ್ಣು ಕೊಚ್ಚಿಹೋಗುತ್ತದೆ.

ಖರ್ಚನ್ನು ಮನೆಗಿಷ್ಟು ಎಂದು ಹಂಚಿದರೆ ಚಿಕ್ಕ ಮನೆಯವರು ಹಿಂದೆ ಸರಿಯುತ್ತಾರೆ. ಚದರದ ಲೆಕ್ಕವೇ ಸರಿ; ಒಂದು ಚದರ ಎಂದರೆ 100 ಚದರ ಅಡಿ ಮಾಳಿಗೆ. ದುಡ್ಡು ಮಹಿಳಾ ಸಂಘದ ಖಾತೆಯಲ್ಲಿರಲಿ. ಮೇಸ್ತ್ರಿಗೆ ಮೂರು ಕಂತು: ಹಳೇ ಮಣ್ಣು ಇಳಿದ ಮೇಲೆ, ಜಂತೆ ಕೂತ ಮೇಲೆ, ಮೊದಲ ಮಳೆ ಕಳೆದ ಮೇಲೆ. ಕೊನೇ ಕಂತಿಗೆ ಮೇಸ್ತ್ರಿಗಳು ಗೊಣಗುತ್ತಾರೆ, ಗೊಣಗಲಿ. ಪಂಚಾಯ್ತಿಯನ್ನು ಒಂದೇ ವಿಷಯ ಕೇಳಬೇಕು: ದೋಣಿ ನೀರು ಬೀಳುವ ಕಡೆ ಚರಂಡಿ. ಅದಿಲ್ಲದಿದ್ದರೆ ನೀರು ಗೋಡೆಯ ಬುಡಕ್ಕೇ ಇಳಿಯುತ್ತದೆ, ಮಾಳಿಗೆ ಸರಿ ಮಾಡಿ ಪ್ರಯೋಜನವಿಲ್ಲ.

ಯುಗಾದಿಗೆ ಮುಂಚೆ ಶುರು ಮಾಡಿದರೆ ಭರಣಿ ಮಳೆಯ ಹೊತ್ತಿಗೆ ಮುಗಿಯುತ್ತದೆ. ಕೆಲಸ ನಡೆಯುವ ಮನೆಯವರು ಸಾಲಿನ ಬೇರೆ ಮನೆಯಲ್ಲಿ ನಾಲ್ಕೈದು ದಿನ ಇರಬೇಕಾಗುತ್ತದೆ. ಒಲೆ, ಕಾಳಿನ ಚೀಲ ಎಲ್ಲಿಗೆ ಎಂಬುದನ್ನು ಹೆಂಗಸರ ಹತ್ತಿರವೇ ಮಾತಾಡಿ.

ಕೆಲಸಕ್ಕೆ ಇಳಿದಾಗ ಮೊದಲು ಪ್ರತಿ ತೊಲೆಗೂ ಕೆಳಗಿನಿಂದ ಆಸರೆಯ ಜಾಕಿ ಕೊಡಬೇಕು. ಅರ್ಧ ಅಡಿ ಮಣ್ಣು ಎಂದರೆ ಚದರಕ್ಕೆ 50 ಘನ ಅಡಿ, ತೂಕ ಹೆಚ್ಚುಕಡಿಮೆ ಎರಡೂವರೆ ಟನ್. ಸೋರಿದಾಗಲೆಲ್ಲ ನಾಲ್ಕು ಪುಟ್ಟಿ ಮಣ್ಣು ಹಾಕುತ್ತ ಹಾಕುತ್ತ ಒಂದಡಿಗೆ ಬಂದಿರುವ ಮಾಳಿಗೆಯಲ್ಲಿ ಅದು 5 ಟನ್. ನಡುಗೋಡೆಯ ಒಂದೇ ಬದಿಯ ಭಾರ ಇಳಿಸಿದರೆ ಇನ್ನೊಂದು ಬದಿಯ ಭಾರಕ್ಕೆ ಮಣ್ಣಿನ ಗೋಡೆ ವಾಲುತ್ತದೆ; ಎರಡೂ ಕಡೆ ಒಟ್ಟಿಗೇ, ಪದರ ಪದರವಾಗಿ ತೆಗೆಯಬೇಕು. ತೊಲೆಯ ನಡುಭಾಗ ಗಟ್ಟಿಯಿದ್ದರೂ ಗೋಡೆಯೊಳಗಿನ ತುದಿ ಕೊಳೆತಿರುತ್ತದೆ. ಮೊಳೆ ಚುಚ್ಚಿ ನೋಡಿ. ಕೊಳೆತಷ್ಟು ಕತ್ತರಿಸಿ, ಉಳಿದ ತುದಿಯ ಕೆಳಗೆ ಕಂಬ ಕೊಟ್ಟು, ಕಂಬದ ತಲೆಯ ಮೇಲೆ ಕಲ್ಲು ಚಪ್ಪಡಿ ಇಡಬಹುದು. ಹೊಸ ತೊಲೆಯಾದರೆ ಗೋಡೆಯೊಳಗೆ ಸುತ್ತ ಒಂದಿಂಚು ಗಾಳಿ ಆಡಲು ಬಿಡಬೇಕು.

ಜಂತೆಯ ಮೇಲೆ ಬಂದರಿಕೆ ಸೊಪ್ಪು, ಅದರ ಮೇಲೆ ಹದ ಮಾಡಿದ ಕೆಸರು ಮಣ್ಣು, ಅದು ಒಣಗಿದ ಮೇಲೆ ಎರಡಿಂಚು ಕರ್ಲು ಮಣ್ಣು, ಅಂದರೆ ನೀರು ಇಳಿಯಗೊಡದ ಬಿಳಿ ಮಣ್ಣು. ಚದರಕ್ಕೆ 17 ಘನ ಅಡಿ ಬೇಕು. ಒಂದು ಟ್ರ್ಯಾಕ್ಟರ್ ಲೋಡು 80ರಿಂದ 100 ಘನ ಅಡಿ ಇದ್ದರೆ ಸುಮಾರು 5 ಚದರಕ್ಕೆ ಬರುತ್ತದೆ. ಬಿಳಿ ಕಂಡದ್ದೆಲ್ಲ ಕರ್ಲು ಅಲ್ಲ. ಗಾಜಿನ ಲೋಟದ ನೀರಿಗೆ ಒಂದು ಒಣ ಹೆಂಟೆ ಹಾಕಿ ಅಲ್ಲಾಡಿಸದೆ ಬಿಡಿ. ಹೆಂಟೆಯ ಸುತ್ತ ಹಾಲಿನಂತೆ ಮಸುಕು ಹರಡಿ, ಗಂಟೆ ಕಳೆದರೂ ನೀರು ತಿಳಿಯಾಗದಿದ್ದರೆ ಅದು ಕರ್ಲು. ಅದರಲ್ಲಿನ ಸೋಡಿಯಂನಿಂದ ಜೇಡಿ ಕಣ ಬಿಡಿಬಿಡಿಯಾಗಿ, ನೀರು ಇಳಿಯುವ ಸಂದಿಯನ್ನೆಲ್ಲ ಮುಚ್ಚುತ್ತದೆ. ಹೆಂಟೆ ಸುಮ್ಮನೆ ಕುಸಿದು ನೀರು ತಿಳಿಯಾಗಿಯೇ ಉಳಿದರೆ ಲೋಡು ವಾಪಸ್ ಕಳಿಸಿ. ಜರಡಿ ಹಿಡಿದು ಹರಡಿ, ನೀರು ಚಿಮುಕಿಸಿ, ಮರದ ಕೊಡತಿಯಿಂದ ಬಡಿಯಬೇಕು.

ಮಣ್ಣಿನ ಮೇಲೆ ಸಿಮೆಂಟ್ ಗಾರೆ ಬೇಡ. ಮರದ ಮಾಳಿಗೆ ಬಿಸಿಲು ಮಳೆಗೆ ಅಲುಗುತ್ತದೆ, ಗಾರೆ ಸೀಳುತ್ತದೆ, ಸೀಳಿನಿಂದ ಇಳಿದ ನೀರು ಹೊರಬರುವುದಿಲ್ಲ. ಪ್ಲಾಸ್ಟಿಕ್ ಹಾಸಿದರೂ ಒಳಗಿನ ತೇವಕ್ಕೆ ಜಂತೆ ಕೊಳೆಯುತ್ತದೆ.

ಈಗ ನಿಜವಾದ ತಕರಾರು ಏಳುವುದು ಸಾಲಿನ ಒಬ್ಬರಿಗೆ ಆವಾಸ್ ಮನೆ ಬಂದಾಗ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ 2016ರಿಂದ ಬಯಲು ಪ್ರದೇಶಕ್ಕೆ ಮನೆಗೆ 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್. ಅದು ಹೊಸ ಮನೆಗೆ, ಮಾಳಿಗೆ ರಿಪೇರಿಗಲ್ಲ. ಹಂತ ಹಂತದ ಫೋಟೊ ಆದಂತೆ ಕಂತು ಬರುವುದರಿಂದ ಮನೆಯವರಿಗೆ ಅವಸರ, ಹಳೆಯದನ್ನು ಒಂದೇ ದಿನದಲ್ಲಿ ಕೆಡವುತ್ತಾರೆ. ಪಕ್ಕದವರ ನಡುಗೋಡೆ ಬಯಲಾಗುತ್ತದೆ. ಪಾಯ ತೋಡುವ ಮುಂಚೆಯೇ ಎರಡೂ ಮನೆಯವರು ಸಹಿ ಹಾಕಿದ ಒಂದು ಹಾಳೆ ಇರಲಿ: ನಡುಗೋಡೆ ಕೆಡವುವುದಿಲ್ಲ, ಹೊಸ ಗೋಡೆ ತನ್ನ ಜಾಗದಲ್ಲೇ ಏಳುತ್ತದೆ, ಆರ್‌ಸಿಸಿ ಸೂರಿನ ನೀರಿನ ಪೈಪು ಬೀದಿಗೆ, ಪಕ್ಕದ ಮಾಳಿಗೆಗೆ ಅಲ್ಲ. ನಮೂನೆ 9ರ (ಪಂಚಾಯ್ತಿಯ ಆಸ್ತಿ ದಾಖಲೆ) ಅಳತೆ ನಡುಗೋಡೆಯ ಯಾವ ಮುಖದಿಂದ ಎಂಬುದನ್ನೂ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಜತೆ ತಾಳೆ ನೋಡಿ ಬರೆಯಿರಿ.

ಮೊದಲ ಮಳೆಯ ಮಾರನೇ ಬೆಳಿಗ್ಗೆ ಮೇಸ್ತ್ರಿ, ಮನೆಯವರು ಇಬ್ಬರೂ ಮಾಳಿಗೆ ಹತ್ತಬೇಕು. ನೀರು ನಿಂತ ಗುಳಿ ಇದ್ದರೆ ಆಗಲೇ ಕಾಣುತ್ತದೆ. ಬಿಸಿಲಿಗೆ ಒಣಗಿ ಕೂದಲೆಳೆ ಬಿರುಕು ಬಿಟ್ಟಲ್ಲಿ ಒಣ ಕರ್ಲು ಪುಡಿ ಉದುರಿಸಿ, ಅಂಗೈಯಿಂದ ಸವರಿದರೆ ಸಾಕು. ಅದಕ್ಕಾಗಿ ಎರಡು ಪುಟ್ಟಿ ಕರ್ಲು ಮಳೆ ತಾಗದ ಕಡೆ ತೆಗೆದಿಟ್ಟಿರಬೇಕು.