ಪಶುಗಳ ಮಂಪರು ಮದ್ದಿಗೆ ಲಗಾಮು: ಒಂದು ಮಸೂದೆಯನ್ನು ಓದುವುದು ಹೇಗೆ?

ಮಸೂದೆ ಅಂದರೆ ನಮ್ಮಲ್ಲಿ ಬಹಳ ಜನ ಹೆಸರು ಓದಿ ಪುಟ ತಿರುಗಿಸಿಬಿಡುತ್ತೇವೆ. ಅದರ ಭಾಷೆಯೇ ಹಾಗೆ, ಏನು ಮಾಡೋದು! ಆದರೆ ಎಲ್ಲೆಲ್ಲಿ ಕಣ್ಣು ಹಾಯಿಸಬೇಕು ಅಂತ ಗೊತ್ತಿದ್ದರೆ ತಿರುಳು ಬೇಗ ಸಿಗುತ್ತದೆ. ಅಮೆರಿಕದಲ್ಲಿ 2023ರ ಮಾರ್ಚ್‌ನಲ್ಲಿ ಮಂಡನೆಯಾದ 'ಕಂಬ್ಯಾಟಿಂಗ್ ಇಲ್ಲಿಸಿಟ್ ಕ್ಸೈಲಾಜಿನ್ ಆಕ್ಟ್', ಅಂದರೆ ಕ್ಸೈಲಾಜಿನ್ ಎಂಬ ಪಶುಗಳ ಮದ್ದಿನ ಕಳ್ಳದಂಧೆ ತಡೆಯುವ ಮಸೂದೆಯನ್ನೇ ಹಿಡಿದು ನೋಡೋಣ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ವೆಬ್‌ಸೈಟಿನಲ್ಲಿ ಈ ಹೆಸರು ಹುಡುಕಿದರೆ ಇಡೀ ಪಠ್ಯ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಮೊದಲು ಮದ್ದಿನ ಜಾತಕ ನೋಡಿ

ಕ್ಸೈಲಾಜಿನ್ ತಯಾರಾಗಿದ್ದು 1962ರಲ್ಲಿ, ಜರ್ಮನಿಯ ಬೇಯರ್ ಕಂಪನಿಯಲ್ಲಿ. ರಕ್ತದೊತ್ತಡಕ್ಕೆ ಮದ್ದಾಗಬಹುದೇ ಎಂದು ನೋಡಿದ್ದರು. ಮನುಷ್ಯರಿಗೆ ಒತ್ತಡ ಅತಿಯಾಗಿ ಇಳಿದು ಮಂಪರು ಕವಿಯುತ್ತಿತ್ತು, ಹಾಗಾಗಿ ಅದು ಪ್ರಾಣಿಗಳ ಪಾಲಾಯಿತು. ಕುದುರೆ, ದನ, ಜಿಂಕೆಗಳನ್ನು ಸುಮ್ಮನಾಗಿಸಲು ಪಶುವೈದ್ಯರು ದಿನಾ ಬಳಸುವ ಮದ್ದು ಇದು. ಹಸುವಿಗಂತೂ ಕುದುರೆಗೆ ಕೊಡುವುದರ ಹತ್ತನೇ ಒಂದು ಪಾಲು ಸಾಕು.

ತೊಂದರೆ ಶುರುವಾಗಿದ್ದು ಕಳ್ಳಮಾರಾಟದವರು ಇದನ್ನು ಅಫೀಮಿನ ಜಾತಿಯ ಅಮಲು ಮದ್ದಾದ ಫೆಂಟನಿಲ್‌ಗೆ ಬೆರೆಸಿದಾಗ. ಬೀದಿಯಲ್ಲಿ ಇದಕ್ಕೆ 'ಟ್ರ್ಯಾಂಕ್' ಅನ್ನುತ್ತಾರೆ. ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ 2022ರಲ್ಲಿ ವಶಪಡಿಸಿಕೊಂಡ ಫೆಂಟನಿಲ್ ಪುಡಿಯಲ್ಲಿ ಸುಮಾರು 23 ಶೇಕಡಾದಷ್ಟರಲ್ಲಿ ಕ್ಸೈಲಾಜಿನ್ ಇತ್ತು. ಚುಚ್ಚಿಕೊಂಡವರ ಮೈಮೇಲೆ ಮಾಯದ ಹುಣ್ಣುಗಳು ಏಳುತ್ತವೆ. ಫೆಂಟನಿಲ್ ಅಮಲು ಇಳಿಸುವ ನಲೋಕ್ಸೋನ್ ಇದರ ಮೇಲೆ ಕೆಲಸ ಮಾಡುವುದಿಲ್ಲ, ಯಾಕೆಂದರೆ ಕ್ಸೈಲಾಜಿನ್ ಅಫೀಮಿನ ಜಾತಿಯದಲ್ಲ. ಆದರೂ ಉಸಿರು ನಿಲ್ಲುತ್ತಿರುವವರಿಗೆ ನಲೋಕ್ಸೋನ್ ಕೊಡಲೇಬೇಕು, ಜೊತೆಗಿರುವ ಫೆಂಟನಿಲ್‌ಗಾದರೂ ಅದು ಬೇಕಲ್ವಾ?

ಯಾವ ಪಟ್ಟಿಗೆ ಸೇರಿಸುತ್ತಾರೆ ಹುಡುಕಿ

ಪಠ್ಯ ತೆರೆದ ಕೂಡಲೇ 'ಷೆಡ್ಯೂಲ್' ಎಂಬ ಪದ ಹುಡುಕಿ. ಅಮೆರಿಕದ 1970ರ ನಿಯಂತ್ರಿತ ವಸ್ತುಗಳ ಕಾಯ್ದೆಯಲ್ಲಿ ಇಂಥ ಪಟ್ಟಿಗಳು ಐದು. ಒಂದನೆಯದರಲ್ಲಿ ಹೆರಾಯಿನ್ ಇದೆ, ಎರಡನೆಯದರಲ್ಲಿ ಫೆಂಟನಿಲ್. ಕ್ಸೈಲಾಜಿನ್‌ಗೆ ಮಸೂದೆ ಕೇಳಿದ್ದು ಮೂರನೆಯ ಪಟ್ಟಿ. 1999ರಿಂದ ಕೆಟಮಿನ್ ಕೂಡ ಅಲ್ಲೇ ಇದೆ, ಅದೂ ಪಶುವೈದ್ಯರ ಚೀಲದ ಮದ್ದೇ. ನನ್ನ ಕಣ್ಣಿಗೆ ಇದು ಜಾಣ ಆಯ್ಕೆ. ಒಂದನೆಯದಕ್ಕೆ ಹಾಕಿದ್ದರೆ ವೈದ್ಯರ ಕೈಯಿಂದ ಮದ್ದನ್ನೇ ಕಿತ್ತುಕೊಂಡಂತೆ ಆಗುತ್ತಿತ್ತು. ಮೂರನೆಯದರಲ್ಲಾದರೆ ಮದ್ದು ಉಳಿಯುತ್ತದೆ, ಆದರೆ ಡಿಇಎ ನೋಂದಣಿ, ಬೀಗ ಹಾಕಿದ ಕಪಾಟು, ಲೆಕ್ಕದ ಪುಸ್ತಕ ಎಲ್ಲ ಬೇಕು.

ಆಮೇಲೆ ವಿನಾಯಿತಿ ಓದಿ, ನಿಧಾನವಾಗಿ

ಇಡೀ ಮಸೂದೆಯ ಜೀವ ಇಲ್ಲಿದೆ. 'ಅಲ್ಟಿಮೇಟ್ ಯೂಸರ್' ಅಂದರೆ ಕೊನೆಯ ಬಳಕೆದಾರ ಎಂಬ ಪದದ ಅರ್ಥವನ್ನು ತಿದ್ದುವ ಸಾಲುಗಳಿವೆ. ತಿದ್ದುಪಡಿ ಯಾಕೆ ಬೇಕಾಯಿತು? ಮನುಷ್ಯನ ಮದ್ದಿನಲ್ಲಿ ಬಳಕೆದಾರ ಯಾರೆಂದು ಕೇಳಬೇಕಿಲ್ಲ. ಇಲ್ಲಿ ಮದ್ದು ಹೋಗುವುದು ಕುದುರೆಗೆ, ಕೈಯಲ್ಲಿ ಹಿಡಿದಿರುವವನು ಅದನ್ನು ಸಾಕಿದ ರೈತ. ವೈದ್ಯರು ದೂರವಿದ್ದಾರೆ, ಅವರು ಬರೆದುಕೊಟ್ಟ ಮದ್ದನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಂಡವನು ಅಪರಾಧಿಯಾಗಬಾರದು. ಅದಕ್ಕೇ ಈ ಬದಲಾವಣೆ. ಅಮೆರಿಕದ ಪಶುವೈದ್ಯರ ಸಂಘ ಎವಿಎಂಎ ಮಸೂದೆಯನ್ನು ಬೆಂಬಲಿಸಿತು. ಯಾವ ಮಸೂದೆಯೇ ಆಗಲಿ, ಆ ವಸ್ತುವನ್ನು ದಿನಾ ಬಳಸುವವರು ಏನಂದರು ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಲೆಕ್ಕ ಒಪ್ಪಿಸುವ ಭಾಗವನ್ನು ಬೇಗ ಓದಿ ಮುಗಿಸಬಹುದು. ತಯಾರಕರು ಮಾಡಿದ್ದೆಷ್ಟು, ಕಳಿಸಿದ್ದೆಲ್ಲಿಗೆ ಎಂದು ಡಿಇಎಗೆ ವರದಿ ಕೊಡಬೇಕು. ಕ್ಸೈಲಾಜಿನ್‌ನ ಕಳ್ಳದಂಧೆಯ ಬಗ್ಗೆ ಕಾಂಗ್ರೆಸ್ಸಿಗೂ ವರದಿ ಹೋಗಬೇಕು.

ಕೊನೆಗೆ, ಮಸೂದೆ ಎಲ್ಲಿದೆ ನೋಡಿ

ಎಷ್ಟೋ ಜನ ಎಡವುವುದು ಇಲ್ಲೇ. ಮಂಡನೆ ಆಯಿತೆಂದರೆ ಕಾನೂನಾಯಿತು ಅಂದುಕೊಳ್ಳುತ್ತಾರೆ. ಎರಡು ಪಕ್ಷದವರೂ ಸೇರಿ ತಂದಿದ್ದ ಈ ಮಸೂದೆಗೆ ಆ ಅವಧಿಯಲ್ಲಿ ಅಂಗೀಕಾರ ಸಿಗಲಿಲ್ಲ. 2025ರ ಜನವರಿಯಲ್ಲಿ ಕಾಂಗ್ರೆಸ್ಸಿನ ಅವಧಿ ಮುಗಿದಾಗ ತಾನಾಗಿ ಬಿದ್ದುಹೋಯಿತು, ಅದೇ ವರ್ಷ ಮತ್ತೆ ಮಂಡನೆಯಾಯಿತು. 2023ರ ಡಿಸೆಂಬರ್‌ನಲ್ಲಿ ಕಾನೂನಾದದ್ದು ಬೇರೆಯೇ, 'ಟ್ರ್ಯಾಂಕ್ ರಿಸರ್ಚ್ ಆಕ್ಟ್'. ಅದು ಪತ್ತೆ ಹಚ್ಚುವ ಸಂಶೋಧನೆಗಷ್ಟೇ. ಹೆಸರು ಹತ್ತಿರವಿದೆ ಎಂದು ಎರಡನ್ನೂ ಕಲಸಬೇಡಿ. ಓಹಿಯೊ, ಪೆನ್ಸಿಲ್ವೇನಿಯಾ ಕಾಯಲಿಲ್ಲ. 2023ರಲ್ಲೇ ತಮ್ಮ ರಾಜ್ಯದ ಮೂರನೆಯ ಪಟ್ಟಿಗೆ ಕ್ಸೈಲಾಜಿನ್ ಸೇರಿಸಿಕೊಂಡವು.

ಇನ್ನೊಂದು ಪದ ಹುಡುಕಿ ನೋಡಿ: ಮೆಡೆಟೊಮಿಡಿನ್. ಇದೂ ಪಶುವೈದ್ಯರ ಮಂಪರು ಮದ್ದೇ, ಕ್ಸೈಲಾಜಿನ್‌ಗಿಂತ ಜಾಸ್ತಿ ತೀಕ್ಷ್ಣ. 2024ರಲ್ಲಿ ಫಿಲಡೆಲ್ಫಿಯಾದ ಬೀದಿ ಮಾಲಿನಲ್ಲಿ ಅದರ ಜಾಗಕ್ಕೆ ಬಂದು ಕೂತಿದೆ. 2023ರ ಮಸೂದೆಯಲ್ಲಿ ಈ ಹೆಸರಿಲ್ಲ.