ಮಹೋಮ್ಸ್‌ನ 2018ರ ಸೀಸನ್: ವಾರವಾರದ ಲೆಕ್ಕ ನಾನು ಇಟ್ಟಿದ್ದು ಹೀಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪಾಸ್ ಎಸೆದು ತಂಡ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು ಒಂದು ವಾರದ ಯಾರ್ಡ್ (ಅವನ ಪಾಸ್‌ಗಳಿಂದ ತಂಡ ಮುಂದೆ ಸಾಗಿದ ದೂರ) ನೋಡಿ ಅಳೆಯಬಾರದು. ಇಡೀ ಸೀಸನ್ನಿನ ಸರಾಸರಿ ನೋಡಿಯೂ ಅಳೆಯಬಾರದು. ನಾಲ್ಕು ನಾಲ್ಕು ಪಂದ್ಯ ಒಟ್ಟಿಗೆ ಹಿಡಿದು ನೋಡಬೇಕು. ನಿಜವಾದ ಆಟಗಾರರನ್ನು ಆರಿಸಿಕೊಂಡು, ಅವರ ಆಟಕ್ಕೆ ಸಿಗುವ ಪಾಯಿಂಟ್ ಮೇಲೆ ಪೈಪೋಟಿ ನಡೆಸುವ ನಮ್ಮ ಫ್ಯಾಂಟಸಿ ಲೀಗ್‌ನ ಗೆಳೆಯರಿಗೆ ಇದನ್ನು ವರ್ಷಗಟ್ಟಲೆ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2018ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್‌ನ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಇದೇ ಲೆಕ್ಕದ ಮೇಲೆ ಸೀಸನ್ ಪೂರ್ತಿ ಬಿಡದೆ ಇಟ್ಟುಕೊಂಡೆ. ಲೀಗ್ ಗೆದ್ದೆ. ಆಮೇಲೆ ಎಲ್ಲರೂ ಕೇಳಲು ಶುರುಮಾಡಿದರು, ಅದಕ್ಕೇ ಬರೆಯುತ್ತಿದ್ದೇನೆ.

ಆಟದ ನಿಯಮ, ಪಾಯಿಂಟ್ ಪದ್ಧತಿ ಇವನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಆಡುವವರಿಗೆ ಅವು ಗೊತ್ತೇ ಇರುತ್ತವೆ. ನಮ್ಮದು ಹನ್ನೆರಡು ಜನರ ಲೀಗ್. ಹೆಚ್ಚಿನವರು ಕಾನ್ಸಾಸ್ ಸಿಟಿ ಸುತ್ತಮುತ್ತ, ಓವರ್‌ಲ್ಯಾಂಡ್ ಪಾರ್ಕ್, ಓಲೇಥ ಕಡೆ ಕೆಲಸ ಮಾಡುವ ಕನ್ನಡದವರು. ತಲೆಗೆ 75 ಡಾಲರ್. ಗೆದ್ದವನಿಗೆ 550, ಎರಡನೆಯವನಿಗೆ 250, ಮೂರನೆಯವನಿಗೆ 100.

ಮೊದಲು ಸೋತ ಕಥೆ ಹೇಳುತ್ತೇನೆ, ಏಕೆಂದರೆ ಲೆಕ್ಕ ಹುಟ್ಟಿದ್ದೇ ಅಲ್ಲಿ.

ಶುರುವಿನಲ್ಲಿ ಪಾಸರ್ ರೇಟಿಂಗ್ (ಕ್ವಾರ್ಟರ್‌ಬ್ಯಾಕ್‌ನ ಪಾಸ್‌ಗಳಿಗೆ ಕೊಡುವ ಅಂಕ) ನಂಬಿದ್ದೆ. ಅದು ಯಾಕೆ ಸಾಲದು ಅನ್ನುವುದಕ್ಕೆ ಆಮೇಲಿನ ಒಂದು ಉದಾಹರಣೆ ಕೊಡುತ್ತೇನೆ. 2017ರಲ್ಲಿ ಚೀಫ್ಸ್‌ಗೆ ಆಡುತ್ತಿದ್ದವನು ಅಲೆಕ್ಸ್ ಸ್ಮಿತ್. ಆ ವರ್ಷ ಇಡೀ ಎನ್‌ಎಫ್‌ಎಲ್‌ನಲ್ಲಿ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಅವನದೇ ಅತಿ ಹೆಚ್ಚು ರೇಟಿಂಗ್, 104.7. ಆದರೆ ನಡುವೆ ಏನಾಯಿತು ನೋಡಿ. ಚೀಫ್ಸ್ ಮೊದಲ ಐದು ಪಂದ್ಯ ಗೆದ್ದರು, ಮುಂದಿನ ಏಳರಲ್ಲಿ ಆರು ಸೋತರು. ಸೀಸನ್ನಿನ ಒಟ್ಟು ಸಂಖ್ಯೆಯಲ್ಲಿ ಆ ಕುಸಿತ ಕಾಣಿಸುವುದೇ ಇಲ್ಲ. ಆ ಸಂಖ್ಯೆ ಹಿಡಿದುಕೊಂಡು ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ ನಿರ್ಧಾರ ಮಾಡಲು ಆಗುವುದಿಲ್ಲ. ರೇಟಿಂಗ್‌ಗೆ ಇನ್ನೊಂದು ದೋಷವಿದೆ. ಚಿಕ್ಕ ಚಿಕ್ಕ ಪಾಸ್ ಎಸೆದು ಕೈಗೆ ಮುಟ್ಟಿಸಿದವನಿಗೆ ಅದು ಜಾಸ್ತಿ ಬೆಲೆ ಕೊಡುತ್ತದೆ.

ಆಮೇಲೆ ದುಡ್ಡು ಕೊಟ್ಟು ಅಂಕಿಅಂಶ ತರಿಸಿಕೊಳ್ಳುವ ಒಂದು ಸೇವೆಗೆ ಸೇರಿದೆ. ತಿಂಗಳಿಗೆ ಸುಮಾರು 40 ಡಾಲರ್. ಅವರು ಪ್ರತಿ ಆಟಗಾರನಿಗೂ ಒಂದು ಅಂಕ ಕೊಡುತ್ತಿದ್ದರು, ಅದು ಹೇಗೆ ಬಂತು ಅಂತ ಮಾತ್ರ ಹೇಳುತ್ತಿರಲಿಲ್ಲ. ಒಂದು ಸೀಸನ್ ನೋಡಿ ಬಿಟ್ಟೆ. ಆ ದುಡ್ಡು ಹೋದದ್ದೇ ಬಂತು.

ಕೊನೆಗೆ ಹಿಡಿದದ್ದು ಒಂದು ಹಳೆಯ ಸೂತ್ರವನ್ನೇ. ಪಾಸ್ ಯಾರ್ಡ್‌ಗೆ ಪ್ರತಿ ಟಚ್‌ಡೌನ್‌ಗೂ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತಂದ ಪಾಸ್) 20 ಸೇರಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೂ (ಎದುರಾಳಿ ಹಿಡಿದ ಪಾಸ್) 45 ಕಳೆದು, ಎಸೆದ ಪಾಸ್‌ಗಳ ಸಂಖ್ಯೆಯಿಂದ ಭಾಗಿಸುವುದು. ಹೊಸದು ಸೂತ್ರವಲ್ಲ, ಅದನ್ನು ಬಳಸುವ ರೀತಿ. ನಾನು ವಾರದ ಸಂಖ್ಯೆ ಬರೆದಿಡುತ್ತೇನೆ, ಆದರೆ ನಿರ್ಧಾರ ಮಾಡುವುದು ಹಿಂದಿನ ನಾಲ್ಕು ಪಂದ್ಯಗಳನ್ನು ಕೂಡಿಸಿ ಭಾಗಿಸಿದ ಸಂಖ್ಯೆಯ ಮೇಲೆ. ನಾಲ್ಕು ಸರಾಸರಿಗಳ ಸರಾಸರಿ ತೆಗೆಯಬೇಡಿ. ಎಲ್ಲ ಯಾರ್ಡ್, ಎಲ್ಲ ಪಾಸ್ ಕೂಡಿಸಿಯೇ ಭಾಗಿಸಬೇಕು. 27 ಪಾಸ್ ಎಸೆದ ವಾರಕ್ಕೂ 53 ಪಾಸ್ ಎಸೆದ ವಾರಕ್ಕೂ ಒಂದೇ ತೂಕ ಹೇಗೆ ಕೊಡುತ್ತೀರಿ?

ನನ್ನ ಗೆರೆ 7.5. ನಾಲ್ಕು ಪಂದ್ಯದ ಸಂಖ್ಯೆ ಅದರ ಕೆಳಗೆ ಇಳಿದರೆ ಆಟಗಾರನನ್ನು ಮಾರುತ್ತೇನೆ, ಅಂದರೆ ಲೀಗ್‌ನ ಬೇರೆಯವರ ಆಟಗಾರರಿಗೆ ಅದಲುಬದಲು (ಟ್ರೇಡ್) ಮಾಡುತ್ತೇನೆ. ಇಳಿಯದಿದ್ದರೆ ಯಾರು ಏನೇ ಹೇಳಲಿ, ಬಿಡುವುದಿಲ್ಲ.

ಈ ಲೆಕ್ಕ ಮೊದಲ ಎರಡು ವರ್ಷ ದುಡ್ಡು ತರಲಿಲ್ಲ. 2016ರಲ್ಲಿ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ನನ್ನ ಬಳಿ ಇದ್ದ. ಡಿಸೆಂಬರ್ 24ರಂದು, ನಮ್ಮ ಫೈನಲ್ ವಾರದಲ್ಲೇ, ಕೋಲ್ಟ್ಸ್ ಎದುರು ಕಾಲು ಮುರಿದುಕೊಂಡ. 2017ರಲ್ಲಿ ಕಾರ್ಸನ್ ವೆಂಟ್ಜ್. ಹದಿಮೂರು ಪಂದ್ಯದಲ್ಲಿ 33 ಟಚ್‌ಡೌನ್ ಎಸೆದವನು ಡಿಸೆಂಬರ್ 10ರಂದು ರ್ಯಾಮ್ಸ್ ಎದುರು ಮಂಡಿ ಹಾಳುಮಾಡಿಕೊಂಡ. ಎರಡೂ ಸಲ ನನ್ನ ಎಕ್ಸೆಲ್ ಶೀಟ್ ಹೇಳಿದ್ದು ಸರಿಯಾಗಿಯೇ ಇತ್ತು. ಮುರಿದ ಮೂಳೆ ಯಾವ ಶೀಟಿಗೂ ಮೊದಲೇ ಗೊತ್ತಾಗುವುದಿಲ್ಲ. ಆದರೆ ಲೀಗ್‌ನವರು ಅದನ್ನೆಲ್ಲ ಕೇಳುತ್ತಾರಾ? "ನಿನ್ನ ಎಕ್ಸೆಲ್ ಮುಟ್ಟಿದವರಿಗೆಲ್ಲ ಡಿಸೆಂಬರ್‌ನಲ್ಲಿ ಗ್ರಹಚಾರ ಕಾದಿರುತ್ತೆ" ಅಂದರು. ಎರಡು ವರ್ಷದ ಪ್ರವೇಶ ಶುಲ್ಕ, ವಿಡಿಯೊ ಚಂದಾ ಎಲ್ಲ ಸೇರಿ 400 ಡಾಲರ್ ಹತ್ತಿರ ಹೋಗಿತ್ತು. ಮನೆಯಲ್ಲೂ ಮಾತು ಬಂತು.

2018ಕ್ಕೆ ಚೀಫ್ಸ್ ಸ್ಮಿತ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ಮಹೋಮ್ಸ್‌ಗೆ ತಂಡ ಒಪ್ಪಿಸಿದರು. ಅವನು ಅದಕ್ಕೂ ಮೊದಲು ಆಡಿದ್ದು ಒಂದೇ ಪಂದ್ಯ, 2017ರ ಕೊನೆಯ ವಾರ ಡೆನ್ವರ್‌ನಲ್ಲಿ. 284 ಯಾರ್ಡ್, ಟಚ್‌ಡೌನ್ ಇಲ್ಲ, ಒಂದು ಇಂಟರ್‌ಸೆಪ್ಷನ್. ನನ್ನ ಸಂಖ್ಯೆ 6.8. ಒಂದು ಸಾಲಿನ ಮೇಲೆ ಏನೂ ಹೇಳಲಾಗದು. ಕೋಚ್ ಆಂಡಿ ರೀಡ್, ಪಾಸ್ ಹಿಡಿಯಲು ಟೈರೀಕ್ ಹಿಲ್, ಟ್ರಾವಿಸ್ ಕೆಲ್ಸಿ ಇದ್ದಾರೆ ಅನ್ನುವುದೇ ಧೈರ್ಯ. ನಮ್ಮ ಲೀಗ್‌ನ ಡ್ರಾಫ್ಟ್‌ನಲ್ಲಿ, ಅಂದರೆ ಸರದಿಯಂತೆ ಆಟಗಾರರನ್ನು ಆರಿಸುವಾಗ, ಹತ್ತನೇ ಸುತ್ತಿನ ಆಸುಪಾಸಿನಲ್ಲಿ ತೆಗೆದುಕೊಂಡೆ. ಜೊತೆಗೆ ಭದ್ರವಾಗಿರಲಿ ಅಂತ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್, ಫಿಲಿಪ್ ರಿವರ್ಸ್.

ಮೊದಲ ಮೂರು ವಾರ ಎಲ್ಲರಿಗೂ ಗೊತ್ತು. ಚಾರ್ಜರ್ಸ್ ಎದುರು 4 ಟಚ್‌ಡೌನ್, ಪಿಟ್ಸ್‌ಬರ್ಗ್‌ನಲ್ಲಿ 28 ಪಾಸ್ ಎಸೆದು 6, ಸ್ಯಾನ್ ಫ್ರಾನ್ಸಿಸ್ಕೊ ಎದುರು 3. ಮೂರು ಪಂದ್ಯಕ್ಕೆ 13, ಸೀಸನ್ನಿನ ಶುರುವಿಗೆ ಆಗ ಅದು ದಾಖಲೆ. ನನ್ನ ಸಂಖ್ಯೆಗಳು 12.4, 15.9, 9.8.

ಅದೇ ಹೊತ್ತಿಗೆ ಟ್ಯಾಂಪಾದಲ್ಲಿ ರಯಾನ್ ಫಿಟ್ಜ್‌ಪ್ಯಾಟ್ರಿಕ್ ಹಬ್ಬ ನಡೆಸಿದ್ದ. ಈ ಹೋಲಿಕೆ ಸ್ವಲ್ಪ ನಿಧಾನವಾಗಿ ನೋಡಿ, ನನ್ನ ಲೆಕ್ಕದ ಬಲ ಇಲ್ಲೇ ಇರುವುದು. ಅವನ ಮೊದಲ ಮೂರು ವಾರ 417, 402, 411 ಯಾರ್ಡ್. ಸತತ ಮೂರು ಪಂದ್ಯದಲ್ಲಿ 400 ದಾಟಿದ ಮೊದಲ ಕ್ವಾರ್ಟರ್‌ಬ್ಯಾಕ್ ಅವನು. ಪೇಪರಿನಲ್ಲಿ ಮೂರೂ ವಾರ ಒಂದೇ ಥರ ಕಾಣುತ್ತವೆ. ನನ್ನ ಶೀಟಿನಲ್ಲಿ? 17.8, 13.2, 6.7. ಮೂರನೇ ವಾರ ಅಷ್ಟು ಯಾರ್ಡ್‌ಗೆ 50 ಪಾಸ್ ಬೇಕಾಯಿತು, ಮೂರು ಇಂಟರ್‌ಸೆಪ್ಷನ್ ಬಂದವು. ನಮ್ಮ ಲೀಗ್‌ನಲ್ಲಿ ಒಬ್ಬ ತನ್ನ ವೇವರ್ ದುಡ್ಡಿನ (ಯಾರ ಬಳಿಯೂ ಇಲ್ಲದ ಆಟಗಾರರನ್ನು ಕೊಳ್ಳಲು ಇಡುವ ದುಡ್ಡು) ಬಹುಪಾಲು ಅವನ ಮೇಲೆ ಸುರಿದ. ಬೇಡ ಅಂತ ನಾನು ಹೇಳಿದ್ದೆ. ನಾಲ್ಕನೇ ವಾರ ಶಿಕಾಗೊದಲ್ಲಿ ಫಿಟ್ಜ್‌ಪ್ಯಾಟ್ರಿಕ್‌ನನ್ನು ಅರ್ಧಕ್ಕೇ ಕೂರಿಸಿದರು. ಟ್ಯಾಂಪಾ 48-10ಕ್ಕೆ ಸೋತಿತು.

ಮಹೋಮ್ಸ್‌ಗೂ ಇಳಿತ ಬಂತು. ನಾಲ್ಕನೇ ವಾರ ಡೆನ್ವರ್‌ನಲ್ಲಿ ಎಡಗೈಯಲ್ಲಿ ಪಾಸ್ ಎಸೆದು ಪಂದ್ಯ ಉಳಿಸಿದ, ಎಲ್ಲರೂ ಅದನ್ನೇ ಕೊಂಡಾಡಿದರು. ಆದರೆ ಸಂಖ್ಯೆ 7.2. ಐದನೇ ವಾರ ಜ್ಯಾಕ್ಸನ್‌ವಿಲ್ ಎದುರು ಟಚ್‌ಡೌನ್ ಪಾಸ್ ಒಂದೂ ಇಲ್ಲ, ಎರಡು ಇಂಟರ್‌ಸೆಪ್ಷನ್. 5.9. ಅವತ್ತು ರಾತ್ರಿಯೇ ಫೋನ್ ಬಂತು. ಮಂಗಳೂರಿನ ಗೆಳೆಯ. "ಕಥೆ ಮುಗೀತು ಮಾರಾಯ. ಮುಂದಿನ ವಾರ ನ್ಯೂ ಇಂಗ್ಲೆಂಡ್. ಈಗಲೇ ಟ್ರೇಡ್ ಮಾಡು, ನಾನೇ ತಗೋತೇನೆ" ಅಂದ. ಅವನು ಕೊಡಲು ಬಂದ ಆಟಗಾರರು ಕೆಟ್ಟವರೇನಲ್ಲ. ಉಳಿದವರು ರಿವರ್ಸ್‌ನನ್ನು ಇಳಿಸು ಅಂದರು.

ನಾನು ಶೀಟ್ ನೋಡಿದೆ. ಎರಡರಿಂದ ಐದನೇ ವಾರದ ಕೂಡಿಕೆ 9.2. ಗೆರೆಗಿಂತ ಎಷ್ಟೋ ಮೇಲೆ. ಜೊತೆಗೆ ನಾನು ಎದುರಾಳಿಗೆಂದು ಒಂದು ಕಾಲಮ್ ಇಡುತ್ತೇನೆ. ಜ್ಯಾಕ್ಸನ್‌ವಿಲ್ ಅಂದರೆ ಹಿಂದಿನ ವರ್ಷ ತನ್ನ ಡಿಫೆನ್ಸ್ ಬಲದಿಂದಲೇ ಕಾನ್ಫರೆನ್ಸ್ ಫೈನಲ್ (ಸೂಪರ್ ಬೌಲ್‌ಗೆ ಮುಂಚಿನ ಸುತ್ತು) ತಲುಪಿದ್ದ ತಂಡ. ಅಂಥವರ ಎದುರಿನ 5.9, ಸಾಧಾರಣ ತಂಡದ ಎದುರಿನ 5.9 ಒಂದೇ ಅಲ್ಲ. ಟ್ರೇಡ್ ಬೇಡ ಅಂದೆ.

ಆರನೇ ವಾರ ನ್ಯೂ ಇಂಗ್ಲೆಂಡ್‌ನಲ್ಲಿ ಮೊದಲರ್ಧ ನೋಡುವಾಗ ನಿಜಕ್ಕೂ ಕಷ್ಟವಾಯಿತು. ಎರಡು ಇಂಟರ್‌ಸೆಪ್ಷನ್, 24-9 ಹಿನ್ನಡೆ. ದ್ವಿತೀಯಾರ್ಧದಲ್ಲಿ ನಾಲ್ಕು ಟಚ್‌ಡೌನ್. ಕೊನೆಗೆ 43-40ಕ್ಕೆ ಸೋತರು, ಆದರೆ ಸಂಖ್ಯೆ 9.5. ಮೂರರಿಂದ ಆರರ ಕೂಡಿಕೆ 8.0ಕ್ಕೆ ಬಂದು ನಿಂತಿತು. ಇಡೀ ಸೀಸನ್ನಿನಲ್ಲಿ ಅವನು ಮುಟ್ಟಿದ ತಳ ಅದೇ. ಎಲ್ಲರೂ ಮಾರು ಅಂದದ್ದೂ ಸರಿಯಾಗಿ ಅದೇ ಹೊತ್ತಿಗೆ. ಆ ಪಂದ್ಯ ಆದ ಮೇಲೆ ಮೊದಲರ್ಧ, ದ್ವಿತೀಯಾರ್ಧ ಬೇರೆ ಬೇರೆ ಬರೆಯುವ ಕಾಲಮ್ ಕೂಡ ಖಾಯಂ ಆಯಿತು. ಇಂಟರ್‌ಸೆಪ್ಷನ್ ಆದ ಮೇಲೂ ಒಬ್ಬ ದೂರದ ಪಾಸ್ ಎಸೆಯುವ ಧೈರ್ಯ ಉಳಿಸಿಕೊಳ್ಳುತ್ತಾನಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಮುಂದಿನ ನಾಲ್ಕು ವಾರ ಹೆಚ್ಚು ಹೇಳಬೇಕಾಗಿಲ್ಲ. ಸಿನ್ಸಿನಾಟಿ, ಡೆನ್ವರ್, ಕ್ಲೀವ್‌ಲ್ಯಾಂಡ್, ಅರಿಜೋನಾ. ಕೂಡಿಕೆ 10.6.

ಹನ್ನೊಂದನೇ ವಾರದ ರ್ಯಾಮ್ಸ್ ಪಂದ್ಯ, 54-51. ಮೆಕ್ಸಿಕೊ ಸಿಟಿಯಲ್ಲಿ ಮೈದಾನ ಹಾಳಾಗಿ ಲಾಸ್ ಏಂಜಲೀಸ್‌ಗೆ ಬಂದದ್ದು. 478 ಯಾರ್ಡ್, 6 ಟಚ್‌ಡೌನ್, 3 ಇಂಟರ್‌ಸೆಪ್ಷನ್. ಫ್ಯಾಂಟಸಿ ಪಾಯಿಂಟ್ ಹೊಳೆಯಾಗಿ ಹರಿಯಿತು. ಸಂಖ್ಯೆ ಮಾತ್ರ 10.1, ಹಿಂದಿನ ವಾರ ಅರಿಜೋನಾ ಎದುರು ಬರೀ 249 ಯಾರ್ಡ್ ಹೊಡೆದಾಗಿನ 10.3ಕ್ಕಿಂತ ಕಮ್ಮಿ. ಇದನ್ನು ಗುಂಪಿನಲ್ಲಿ ಹಾಕಿದಾಗ ಯಾರೂ ನಂಬಲಿಲ್ಲ. ಕೂತು ಭಾಗಿಸಿ ನೋಡಿ ಅಂದೆ. ಈ ಸೂತ್ರದಲ್ಲಿ ಫಂಬಲ್ (ಕೈಯಿಂದ ಜಾರಿದ ಚೆಂಡು) ಬರುವುದಿಲ್ಲ. ಆ ಪಂದ್ಯದಲ್ಲಿ ಅವನು ಎರಡು ಫಂಬಲ್ ಕೂಡ ಬಿಟ್ಟುಕೊಟ್ಟ. ಅದನ್ನು ಬೇರೆ ಕಾಲಮ್‌ನಲ್ಲಿ ಬರೆಯಿರಿ, ಸೂತ್ರದೊಳಗೆ ತುರುಕಬೇಡಿ. ನಾನು ತುರುಕಿ ನೋಡಿದ್ದೇನೆ, ಸಂಖ್ಯೆ ಕುಣಿಯುತ್ತದೆ.

ಹನ್ನೆರಡನೇ ವಾರ ಚೀಫ್ಸ್‌ಗೆ ಬಿಡುವು. ರಿವರ್ಸ್‌ನನ್ನು ಇಳಿಸಿದೆ. ಅರಿಜೋನಾ ಎದುರು ಶುರುವಿನಿಂದ ಸತತ 25 ಪಾಸ್ ಮುಟ್ಟಿಸಿದ, ಒಟ್ಟು 29ರಲ್ಲಿ 28. ಅದು ನನ್ನ ಲೆಕ್ಕವಲ್ಲ, ಅವನ ಕೈಗುಣ.

ನಡುವೆ ಒಂದು ಅಡ್ಡ ಪ್ರಯೋಗ. ಊರಲ್ಲಿರುವ ತಮ್ಮನಿಗೆ ಐಪಿಎಲ್ ಹುಚ್ಚು. "ಅಣ್ಣಾ, ಇದನ್ನ ಬ್ಯಾಟ್ಸ್‌ಮನ್‌ಗೂ ಮಾಡ್ಕೊಡು" ಅಂದ. 2018ರ ಕೆ.ಎಲ್. ರಾಹುಲ್ ಆಟ ಹಿಡಿದು ಕೂತೆ. ಆ ವರ್ಷ ಪಂಜಾಬ್‌ಗೆ 659 ರನ್, ಮೊದಲ ಪಂದ್ಯದಲ್ಲೇ 14 ಎಸೆತಕ್ಕೆ ಅರ್ಧಶತಕ. ಎರಡು ವಾರಾಂತ್ಯ ಹೋಯಿತು, ಕೆಲಸಕ್ಕೆ ಬರಲಿಲ್ಲ. ಕಾರಣ ಸರಳ. ಕ್ವಾರ್ಟರ್‌ಬ್ಯಾಕ್ ಕೆಟ್ಟ ಪಾಸ್ ಎಸೆದರೂ ಮತ್ತೆ ಎಸೆಯುತ್ತಾನೆ, ವಾರಕ್ಕೆ ಮೂವತ್ತು ನಲವತ್ತು ಸಿಕ್ಕೇ ಸಿಗುತ್ತವೆ. ಬ್ಯಾಟ್ಸ್‌ಮನ್ ಎರಡನೇ ಎಸೆತಕ್ಕೆ ಔಟಾದರೆ ಅವತ್ತಿನ ಲೆಕ್ಕ ಅಲ್ಲಿಗೇ ನಿಂತಿತು. ಬೌಲರ್‌ಗೆ ಮಾಡಿದರೆ ಬರಬಹುದು, ಒಂದು ಎಸೆತ ಕೆಟ್ಟರೂ ನಾಲ್ಕು ಓವರ್ ತನಕ ಮತ್ತೆ ಹಾಕಬಹುದಲ್ಲ. ಅದನ್ನು ಇನ್ನೂ ನೋಡಬೇಕು.

ಡಿಸೆಂಬರ್‌ನಲ್ಲಿ ಮತ್ತೆ ಅನುಮಾನ ಶುರುವಾಯಿತು. ಓಟಗಾರ ಕರೀಮ್ ಹಂಟ್‌ನನ್ನು ಚೀಫ್ಸ್ ನವೆಂಬರ್ ಕೊನೆಗೆ ತಂಡದಿಂದ ತೆಗೆದರು. ಹದಿನಾಲ್ಕನೇ ವಾರ, ನಮ್ಮ ಪ್ಲೇಆಫ್‌ನ ಮೊದಲ ಸುತ್ತು, ಎದುರು ಬಾಲ್ಟಿಮೋರ್. ಒಟ್ಟು ಯಾರ್ಡ್ ಲೆಕ್ಕದಲ್ಲಿ ಆ ವರ್ಷದ ನಂಬರ್ ಒನ್ ಡಿಫೆನ್ಸ್. ಬೆಂಚ್ ಮಾಡು ಅಂತ ಮೂವರೋ ನಾಲ್ವರೋ ಹೇಳಿದರು. ನಾನು ಬಿಡಲಿಲ್ಲ. 53 ಪಾಸ್, 377 ಯಾರ್ಡ್, 2 ಟಚ್‌ಡೌನ್, 1 ಇಂಟರ್‌ಸೆಪ್ಷನ್. ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಯತ್ನದಲ್ಲಿ, 9 ಯಾರ್ಡ್ ಬೇಕಿದ್ದಾಗ ಓಡುತ್ತಲೇ ಮೈದಾನದ ಅಡ್ಡಕ್ಕೆ ಹಿಲ್‌ಗೆ ಎಸೆದ 48 ಯಾರ್ಡ್ ಪಾಸ್ ನೆನಪಿದೆಯಲ್ವಾ? ಓವರ್‌ಟೈಮ್‌ನಲ್ಲಿ ಗೆದ್ದರು. ಸಂಖ್ಯೆ 7.0, ನೋಡಲು ಸಪ್ಪೆ. ಎದುರಾಳಿ ಕಾಲಮ್ ಸೇರಿಸಿ ನೋಡಿದರೆ ಆ ವರ್ಷದ ಅವನ ಒಳ್ಳೆಯ ಪಂದ್ಯಗಳಲ್ಲಿ ಒಂದು. ಪಾಸ್‌ನಿಂದಲೇ ಸುಮಾರು 21 ಪಾಯಿಂಟ್ ಬಂದವು.

ಸೆಮಿಫೈನಲ್ ವಾರ ಗುರುವಾರದ ಪಂದ್ಯ, ಚಾರ್ಜರ್ಸ್ ಕೊನೇ ಕ್ಷಣದಲ್ಲಿ 29-28ಕ್ಕೆ ಕಸಿದುಕೊಂಡರು. ನನಗೆ 18 ಪಾಯಿಂಟ್ ಹತ್ತಿರ, ಸಾಕಾಯಿತು. ಫೈನಲ್ ವಾರ ಸಿಯಾಟಲ್‌ನಲ್ಲಿ. ಚೀಫ್ಸ್ ಸೋತರು, ಅವನು 273 ಯಾರ್ಡ್, 3 ಟಚ್‌ಡೌನ್, ಇಂಟರ್‌ಸೆಪ್ಷನ್ ಇಲ್ಲ. ಹತ್ತಿರ ಹತ್ತಿರ 23. ಮಂಗಳೂರಿನವನನ್ನೇ ಸೋಲಿಸಿದೆ.

ಸೀಸನ್ ಮುಗಿದಾಗ ಮಹೋಮ್ಸ್ 5,097 ಯಾರ್ಡ್, 50 ಟಚ್‌ಡೌನ್, 12 ಇಂಟರ್‌ಸೆಪ್ಷನ್. ಸೀಸನ್ ಸಂಖ್ಯೆ 9.6. ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಆದ. ಕಾನ್ಫರೆನ್ಸ್ ಫೈನಲ್‌ನಲ್ಲಿ ನ್ಯೂ ಇಂಗ್ಲೆಂಡ್ ಎದುರು 37-31ಕ್ಕೆ ಸೋತಾಗ ಓವರ್‌ಟೈಮ್‌ನಲ್ಲಿ ಅವನ ಕೈಗೆ ಚೆಂಡೇ ಬರಲಿಲ್ಲ. ಆ ಪಂದ್ಯದ ಸಂಖ್ಯೆ 11.5. ಸೋತ ಪಂದ್ಯದಲ್ಲಿ ಅಷ್ಟು ಚೆನ್ನಾಗಿ ಆಡಿದವರು ನನ್ನ ಶೀಟಿನಲ್ಲಿ ಬಹಳ ಇಲ್ಲ.

ಖರ್ಚಿನ ವಿಷಯ. ಪಂದ್ಯಗಳ ವಿಡಿಯೊ ಚಂದಾ ಆಗ ವರ್ಷಕ್ಕೆ ಸುಮಾರು 100 ಡಾಲರ್ ಇತ್ತು, ಪ್ರವೇಶ 75. ಬಂದದ್ದು 550. ಹಿಂದಿನ ನಷ್ಟ ಪೂರ್ತಿ ತೀರಲಿಲ್ಲ, ಆದರೂ ಮುಕ್ಕಾಲು ಪಾಲಿಗಿಂತ ಜಾಸ್ತಿ ತೀರಿತು. ಸಮಯ ಅಂದರೆ ಮಂಗಳವಾರ ಸಂಜೆ ಒಂದೂವರೆ ಗಂಟೆ, ವೇವರ್ ಮುಗಿಯುವ ಮುಂಚೆ. ಇಡೀ ಪಂದ್ಯ ನೋಡುವುದಿಲ್ಲ. ಮೂರನೇ ಡೌನ್ ಪಾಸ್‌ಗಳನ್ನು ಮಾತ್ರ ನೋಡುತ್ತೇನೆ. ಎಸೆತ ಚೆನ್ನಾಗಿತ್ತಾ ಇಲ್ಲವಾ ಅಂತ ಚೆಂಡು ಕೈ ಬಿಟ್ಟ ಕ್ಷಣಕ್ಕೇ ಗುರುತು ಹಾಕಿ, ಆಮೇಲೆ ಫಲಿತಾಂಶ ನೋಡುತ್ತೇನೆ. ಫಲಿತಾಂಶ ಮೊದಲು ನೋಡಿದರೆ ಕಣ್ಣು ಅದರ ಪರವಾಗಿಯೇ ತೀರ್ಪು ಕೊಡುತ್ತದೆ.

ಎದುರಾಳಿ ಕಾಲಮ್‌ಗೆ ಎಷ್ಟು ತೂಕ, ನಾಲ್ಕು ಪಂದ್ಯದಲ್ಲಿ ಬಿಡುವಿನ ವಾರ ಬಂದರೆ ಏನು ಮಾಡುತ್ತೇನೆ, ಈ ಎರಡನ್ನು ಹೇಳುವುದಿಲ್ಲ. ಅದೇ ಲೀಗ್‌ನಲ್ಲಿ ಅದೇ ಜನರ ಎದುರು ನಾನು ಮತ್ತೆ ಆಡಬೇಕು. ಉಳಿದ ಶೀಟ್ ಬೇಕಾದವರು ಕೇಳಿ, ಆ ಎರಡು ಕಾಲಮ್ ತೆಗೆದು ಕೊಡುತ್ತೇನೆ. ಶುರುಮಾಡುವವರು ಒಬ್ಬನೇ ಕ್ವಾರ್ಟರ್‌ಬ್ಯಾಕ್ ಹಿಡಿಯಿರಿ. ಮೊದಲ ನಾಲ್ಕು ವಾರ ಸುಮ್ನೆ ಬರೆಯುತ್ತಾ ಹೋಗಿ, ಐದನೇ ವಾರದ ತನಕ ಯಾವ ಟ್ರೇಡೂ ಮಾಡಬೇಡಿ.