ಸೇವ್ ಮಾಡಿದ ಫೈಲ್ ಎಲ್ಲಿ ಹೋಯ್ತು? ಹೊಸಬರಿಗೆ ಡೆಸ್ಕ್‌ಟಾಪ್ ಪರಿಚಯ

ಕಂಪ್ಯೂಟರ್ ಕಲಿಯತೊಡಗಿದವರನ್ನು ಹೆಚ್ಚು ಗಾಬರಿಪಡಿಸುವುದು ಕಾಣೆಯಾದ ಫೈಲ್. ಅದು ಎಲ್ಲೂ ಹೋಗಿರುವುದಿಲ್ಲ, ಇಟ್ಟ ಜಾಗ ಗೊತ್ತಿರುವುದಿಲ್ಲ ಅಷ್ಟೆ. ಮೌಸ್ ಹಿಡಿಯುವುದಕ್ಕಿಂತ ಮೊದಲು ಈ ಜಾಗದ ಲೆಕ್ಕ ಕಲಿಯಬೇಕು. ಕೆಳಗಿನದು ವಿಂಡೋಸ್ 11ಕ್ಕೆ ಹೇಳಿದ್ದು. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್‌ನಲ್ಲಿ ಹೆಸರುಗಳು ಸ್ವಲ್ಪ ಬೇರೆ, ರೀತಿ ಇದೇ.

ಬೆಸ್ಕಾಂನ ಕರೆಂಟ್ ಬಿಲ್ಲನ್ನು ಡೌನ್‌ಲೋಡ್ ಮಾಡಿ ನೋಡಿ. ಸಾಮಾನ್ಯವಾಗಿ ಅದು ಡೌನ್‌ಲೋಡ್ಸ್ ಎಂಬ ಫೋಲ್ಡರಿಗೆ ಬೀಳುತ್ತದೆ. ವಿಂಡೋಸ್ ಕೀ ಒತ್ತಿಹಿಡಿದು ಇ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ, ಎಡಗಡೆಯ ಸಾಲಿನಲ್ಲಿ ಡೌನ್‌ಲೋಡ್ಸ್ ಇರುತ್ತದೆ. ಬಿಲ್ಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ ಎಫ್2 ಒತ್ತಿ, ‘ಬೆಸ್ಕಾಂ ಜೂನ್’ ಎಂದು ಹೆಸರಿಟ್ಟು ಎಂಟರ್ ಒತ್ತಿ. ಫೈಲನ್ನು ಅಲ್ಲಿಂದ ಎತ್ತಿಕೊಳ್ಳಲು ಕಂಟ್ರೋಲ್ ಒತ್ತಿಹಿಡಿದು ಎಕ್ಸ್ ಒತ್ತಿ. ಈಗ ಡಾಕ್ಯುಮೆಂಟ್ಸ್‌ಗೆ ಹೋಗಿ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸ ಫೋಲ್ಡರ್ ಬರುತ್ತದೆ. ಅದಕ್ಕೆ ‘ಬಿಲ್ಲುಗಳು’ ಎಂದು ಹೆಸರು ಕೊಟ್ಟು ಎಂಟರ್ ಒತ್ತಿ, ಒಳಗೆ ಹೋಗಿ ಕಂಟ್ರೋಲ್ ವಿ ಒತ್ತಿದರೆ ಫೈಲ್ ಅಲ್ಲಿಗೆ ಬರುತ್ತದೆ. ಇದನ್ನೇ ಹತ್ತು ಸಲ ಮಾಡಿ, ಕೈಗೆ ಬರಲಿ.

ಡಬಲ್ ಕ್ಲಿಕ್ ಮಾಡುವಾಗ ಹೊಸಬರ ಕೈ ಜಾರುತ್ತದೆ. ಗುಂಡಿ ಒತ್ತಿದ್ದಾಗ ಮೌಸ್ ಸರಿದರೆ ಕಂಪ್ಯೂಟರ್ ಅದನ್ನು ಎಳೆಯುವುದು ಎಂದುಕೊಂಡು ಫೋಲ್ಡರನ್ನು ಪಕ್ಕದ ಫೋಲ್ಡರಿನೊಳಗೆ ಹಾಕಿಬಿಡುತ್ತದೆ. ತಕ್ಷಣ ಕಂಟ್ರೋಲ್ ಝಡ್ ಒತ್ತಿ, ವಾಪಸ್ ಬರುತ್ತದೆ. ವಯಸ್ಸಾದವರಿಗೆ ಕಲಿಸುವಾಗ ಡಬಲ್ ಕ್ಲಿಕ್ಕನ್ನು ಬಿಟ್ಟೇಬಿಡಿ. ಒಂದು ಕ್ಲಿಕ್, ಆಮೇಲೆ ಎಂಟರ್. ಅದೇ ಕೆಲಸ, ಕಿರಿಕಿರಿ ಇಲ್ಲ.

ವಿಂಡೋದ ಬಲಮೇಲ್ತುದಿಯಲ್ಲಿ ಮೂರು ಗುರುತುಗಳಿವೆ. ಅಡ್ಡಗೆರೆ ಒತ್ತಿದರೆ ವಿಂಡೋ ಕೆಳಗಿನ ಟಾಸ್ಕ್‌ಬಾರ್‌ಗೆ ಇಳಿಯುತ್ತದೆ, ಮುಚ್ಚುವುದಿಲ್ಲ. ಇದು ಗೊತ್ತಿಲ್ಲದೆ ಅದೇ ಪ್ರೋಗ್ರಾಮನ್ನು ಮತ್ತೆ ಮತ್ತೆ ತೆರೆದು ಕಂಪ್ಯೂಟರ್ ನಿಧಾನ ಎಂದು ದೂರುವವರಿದ್ದಾರೆ. ಚೌಕ ದೊಡ್ಡದು ಮಾಡುತ್ತದೆ, ಎಕ್ಸ್ ಮುಚ್ಚುತ್ತದೆ.

ಇನ್ನು ಶಾರ್ಟ್‌ಕಟ್. ಐಕಾನಿನ ಎಡಗೆಳಗಿನ ಮೂಲೆಯಲ್ಲಿ ಪುಟ್ಟ ಬಾಣವಿದ್ದರೆ ಅದು ಫೈಲಲ್ಲ, ಫೈಲಿನ ವಿಳಾಸ. ಅದನ್ನು ಅಳಿಸಿದರೆ ಪ್ರೋಗ್ರಾಂ ಹೋಗುವುದಿಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಹೋದರೆ ಅಲ್ಲಿ ತೆರೆಯುವುದೂ ಇಲ್ಲ, ಏಕೆಂದರೆ ಫೈಲ್ ಮನೆಯಲ್ಲೇ ಇದೆ.

ಕನ್ನಡ ಬರೆಯಲು ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ತೆರೆದು ಕನ್ನಡ ಸೇರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಕೆ ಗುಂಡಿಗೆ ‘ಕ’, ವಿ ಗುಂಡಿಗೆ ‘ನ’, ಒತ್ತಕ್ಷರ ಮೂಡಿಸಲು ನಡುವೆ ಡಿ. ಕೆ, ವಿ, ಡಿ, ವಿ, ಆಮೇಲೆ ಪಿಯ ಬಲಪಕ್ಕದ ಗುಂಡಿ ಒತ್ತಿ: ‘ಕನ್ನಡ’ ಮೂಡುತ್ತದೆ.

ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ಹಳೆಯ ಯಂತ್ರ ಕೊಳ್ಳುವವರು ಗಮನಿಸಿ: ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿಸುವುದೇ ಒಳ್ಳೆಯದು.

ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಗಾಲದ ಸಂಜೆ ಬರೆಯುತ್ತಿದ್ದರೆ ಪ್ಯಾರಾಕ್ಕೊಮ್ಮೆ ಕಂಟ್ರೋಲ್ ಎಸ್ ಒತ್ತಿ ಸೇವ್ ಮಾಡಿ. ಪೆನ್‌ಡ್ರೈವ್ ಕೀಳುವ ಮುನ್ನ ಎಜೆಕ್ಟ್ (ಸುರಕ್ಷಿತವಾಗಿ ಬಿಡಿಸುವುದು) ಮಾಡಿ. ಲಿನಕ್ಸ್‌ನಲ್ಲಿ ಕಾಪಿ ಮುಗಿದಂತೆ ತೋರಿದರೂ ಬರೆಯುವುದು ಇನ್ನೂ ನಡೆದಿರಬಹುದು. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಅಳಿಸಿದ ಫೈಲುಗಳ ಬುಟ್ಟಿಯಾದ ರೀಸೈಕಲ್ ಬಿನ್‌ಗೂ ಬರುವುದಿಲ್ಲ. ಹಾಗಾಗಿ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದೆಯೇ ಎಂದು ತೆರೆದು ನೋಡಿ, ಆಮೇಲೆ ಅಳಿಸಿ.